ಕೀ ಕೊಡುವ ದಿನವೇ ಅಡ್ವಾನ್ಸ್ ಕೈಗೆ ಬರಬೇಕು

ಪ್ರಶ್ನೆ: ಬೆಂಗಳೂರಿನ ವಿಜಯನಗರದ ಕಡೆ ಎರಡು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ನಾಲ್ಕು ವರ್ಷದಿಂದ ಇದ್ದೇವೆ. ಬಾಡಿಗೆ 18,000 ರೂಪಾಯಿ, ಅಡ್ವಾನ್ಸ್ 1,80,000. ಅಗ್ರಿಮೆಂಟ್ ನನ್ನ ಹೆಸರಲ್ಲಿದೆ. ಮೊದಲು 11 ತಿಂಗಳಿಗೆ ಮಾಡಿದ್ದೆವು, ಒಂದು ಸಲ ಮುಂದುವರಿಸಿದೆವು. ಆಮೇಲೆ ಬಾಯಿಮಾತಿನಲ್ಲೇ ನಡೆದುಕೊಂಡು ಬಂದಿದೆ. ಬಾಡಿಗೆ ತಪ್ಪದೆ ಫೋನ್‌ಪೇಯಲ್ಲಿ ಹಾಕುತ್ತೇವೆ. ಹೋದ ವಾರ ಓನರ್ ಬಂದು, ಮಗನ ಮದುವೆ ಗೊತ್ತಾಗಿದೆ, ಈ ತಿಂಗಳ ಕೊನೆಗೆ ಖಾಲಿ ಮಾಡಿ ಅಂದರು. ಮಗಳು ಏಳನೇ ಕ್ಲಾಸು, ಮಾರ್ಚ್‌ನಲ್ಲಿ ಪರೀಕ್ಷೆ. ಸ್ವಲ್ಪ ಟೈಮ್ ಕೊಡಿ ಅಂದಿದ್ದಕ್ಕೆ, ಬಿಡದಿದ್ದರೆ ನೀರು ನಿಲ್ಲಿಸಿ ಬೀಗ ಹಾಕ್ತೀನಿ ಅಂದರು. ಅಡ್ವಾನ್ಸಿನಲ್ಲಿ ಬಣ್ಣಕ್ಕೆ 18,000, ಕ್ಲೀನಿಂಗಿಗೆ 5,000, ಪ್ಲಂಬಿಂಗಿಗೆ 8,000, ಬಾತ್‌ರೂಮ್ ಬಾಗಿಲಿಗೆ 12,000 ಮುರಿದುಕೊಂಡು, ಉಳಿದದ್ದನ್ನು ಎರಡು ತಿಂಗಳು ಬಿಟ್ಟು ಕೊಡುತ್ತಾರಂತೆ. ನೆಂಟರೊಬ್ಬರು, 'ಬಾಡಿಗೆ ನಿಲ್ಲಿಸಿಬಿಡಿ, ಅಡ್ವಾನ್ಸಿನಲ್ಲೇ ಮುರ್ಕೊಳ್ಳಲಿ' ಅಂತಿದ್ದಾರೆ. ಏನು ಮಾಡೋಣ?

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ನಾಳೆ ಬೆಳಿಗ್ಗೆ ಯಾರೂ ನಿಮ್ಮನ್ನು ರಸ್ತೆಗೆ ಹಾಕಲು ಆಗುವುದಿಲ್ಲ. ಹಾಗಂತ ನೆಂಟರ ಮಾತು ಕೇಳಿ ಬಾಡಿಗೆ ನಿಲ್ಲಿಸಲೂ ಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮನೆ ಬಿಡುವ ಜಗಳಗಳನ್ನು ವರ್ಷಗಟ್ಟಲೆ ನೋಡಿದ್ದೇನೆ. ಓನರ್‌ಗಳು ತಮಗಿರುವ ಬಲವನ್ನು ಜಾಸ್ತಿ ಅಂದುಕೊಂಡಿರುತ್ತಾರೆ. ಬಾಡಿಗೆದಾರರು ತಮಗಿರುವ ಸಮಯವನ್ನು ಜಾಸ್ತಿ ಅಂದುಕೊಂಡಿರುತ್ತಾರೆ. ಕಾನೂನು ಓನರ್‌ಗೆ ಬೀಗ ಹಾಕುವ ಅಧಿಕಾರ ಕೊಟ್ಟಿಲ್ಲ. ಬಾಡಿಗೆದಾರರಿಗೆ ಆರು ತಿಂಗಳು ಕೂರುವ ಹಕ್ಕನ್ನೂ ಕೊಟ್ಟಿಲ್ಲ.

ನಿಮ್ಮ ಮನೆಗೆ ಯಾವ ಕಾನೂನು ಅನ್ನುವುದರಿಂದ ಶುರು ಮಾಡೋಣ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಅಂತ ಒಂದಿದೆ. ಓನರ್ ಸರಿಯಾದ ಕಾರಣ ತೋರಿಸದೆ ಖಾಲಿ ಮಾಡಿಸುವ ಹಾಗಿಲ್ಲ ಎಂದು ಹೇಳುವುದು ಅದೇ. ಆದರೆ ಬೆಂಗಳೂರಿನಂಥ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳು, ಚಿಕ್ಕ ಊರುಗಳಲ್ಲಿ 2,000ಕ್ಕಿಂತ ಹೆಚ್ಚಿನವು ಅದರ ಹೊರಗೆ ಉಳಿಯುತ್ತವೆ. ಇವತ್ತು ಬೆಂಗಳೂರಿನಲ್ಲಿ 3,500ಕ್ಕೆ ಒಂದು ರೂಮೂ ಸಿಗುವುದಿಲ್ಲ. ಹಾಗಾಗಿ ನಿಮ್ಮಂಥವರಿಗೆಲ್ಲ ಉಳಿಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನೀವು ಸಹಿ ಹಾಕಿದ ಅಗ್ರಿಮೆಂಟ್, ಇವೆರಡೇ.

ಮೊಬೈಲಿನಲ್ಲಿ ಓಡಾಡುವ ಇನ್ನೊಂದು ಮಾತೂ ನಿಮ್ಮ ಕಿವಿಗೆ ಬಿದ್ದಿರಬಹುದು. 'ಈಗ ಹೊಸ ಕಾನೂನು ಬಂದಿದೆ, ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳೋ ಹಾಗಿಲ್ಲ' ಅಂತ. ಅದು 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ. ಹೆಸರೇ ಹೇಳುವಂತೆ ಅದು ಮಾದರಿ. ಯಾವುದೇ ರಾಜ್ಯ ತನ್ನದೇ ಕಾಯ್ದೆಯಾಗಿ ಪಾಸು ಮಾಡಿಕೊಂಡ ಮೇಲಷ್ಟೇ ಅಲ್ಲಿ ಅದಕ್ಕೆ ಬೆಲೆ. ಓನರ್ ಎದುರು ಅದನ್ನು ಹಿಡಿದು ವಾದಕ್ಕೆ ನಿಲ್ಲಬೇಡಿ.

ಈಗ ನೋಟಿಸಿನ ವಿಷಯ. ಅಗ್ರಿಮೆಂಟ್ ಅವಧಿ ಮುಗಿದ ಮೇಲೂ ನೀವು ಅಲ್ಲೇ ಇದ್ದಿರಿ, ಓನರ್ ಬಾಡಿಗೆ ತೆಗೆದುಕೊಳ್ಳುತ್ತಲೇ ಬಂದರು. ಆಗ ನಿಮ್ಮ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದಂತೆ ಎಂದು ಆಸ್ತಿ ವರ್ಗಾವಣೆ ಕಾಯ್ದೆಯ 116ನೇ ಸೆಕ್ಷನ್ ಹೇಳುತ್ತದೆ. ಅಂದರೆ ಅಗ್ರಿಮೆಂಟ್ ಇಲ್ಲ ಅಂದಮಾತ್ರಕ್ಕೆ ನೀವು ಅಕ್ರಮವಾಗಿ ಕೂತವರಲ್ಲ. ಇಂಥ ಬಾಡಿಗೆಯನ್ನು ಮುಗಿಸಬೇಕಾದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, 15 ದಿನದ ನೋಟಿಸ್ ಸಾಕು ಅನ್ನುತ್ತದೆ 106ನೇ ಸೆಕ್ಷನ್. ಈ 15 ದಿನದ ಲೆಕ್ಕ ನೋಟಿಸ್ ನಿಮ್ಮ ಕೈ ಸೇರಿದ ದಿನದಿಂದ ಶುರುವಾಗುತ್ತದೆ. ನೋಟಿಸ್ ಬರಹದಲ್ಲಿರಬೇಕು, ಕೊಡುವವರ ಸಹಿ ಇರಬೇಕು. ಬಾಗಿಲಲ್ಲಿ ನಿಂತು ಹೇಳಿದ ಮಾತು ನೋಟಿಸ್ ಅಲ್ಲ.

ಹದಿನೈದೇ ದಿನವಾ ಅಂತ ನಿಮ್ಮ ಎದೆ ಧಸಕ್ ಅಂದಿರಬೇಕು. ಹೌದು, ಹದಿನೈದೇ. ಜೊತೆಗೆ, ನಿಮ್ಮಂಥ ಬಾಡಿಗೆಯಲ್ಲಿ ಓನರ್ ಕಾರಣವನ್ನೂ ಹೇಳಬೇಕಾಗಿಲ್ಲ. ಮಗನ ಮದುವೆ ನಿಜವೋ ಸುಳ್ಳೋ ಎಂದು ಹುಡುಕಲು ಹೋಗಬೇಡಿ, ಅದರಿಂದ ನಿಮಗೇನೂ ಸಿಗುವುದಿಲ್ಲ.

ಆದರೆ ಹಳೇ ಅಗ್ರಿಮೆಂಟ್ ತೆಗೆದು ನೋಡಿ. ನಮ್ಮ ಊರಿನ ಅಗ್ರಿಮೆಂಟ್‌ಗಳಲ್ಲಿ 'ಯಾರೇ ಮನೆ ಬಿಡುವುದಾದರೂ ಅಥವಾ ಬಿಡಿಸುವುದಾದರೂ ಎರಡು ತಿಂಗಳು ಮುಂಚೆ ತಿಳಿಸಬೇಕು' ಎಂಬ ಸಾಲು ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಅವಧಿ ಮುಗಿದಿದ್ದರೂ ಅದೇ ಷರತ್ತುಗಳ ಮೇಲೆ ಬಾಡಿಗೆ ಮುಂದುವರಿದಿದೆ ಎಂದು ವಾದಿಸಲು ಜಾಗ ಇದೆ. ನಿಮ್ಮದರಲ್ಲೂ ಆ ಸಾಲು ಇದ್ದರೆ ಓನರ್‌ಗೆ ಬರೆಯುವ ಪತ್ರದಲ್ಲಿ ಅದನ್ನು ಹಾಗೇ ಎತ್ತಿ ಹಾಕಿ. ಆದರೆ ಎಲ್ಲ ಭಾರವನ್ನೂ ಅದರ ಮೇಲೇ ಹಾಕಬೇಡಿ. ನೋಟಿಸಿನ ಚಿಕ್ಕಪುಟ್ಟ ತಪ್ಪು ಹಿಡಿದು ಕೇಸು ಗೆಲ್ಲುವ ಕಾಲ ಹೋಯಿತು. 2002ರ ಕೊನೆಯಲ್ಲಿ 106ನೇ ಸೆಕ್ಷನ್‌ಗೆ ತಿದ್ದುಪಡಿ ಬಂತು. ನೋಟಿಸಿನಲ್ಲಿ ದಿನ ಕಡಿಮೆ ಬರೆದಿದ್ದರೂ, ಕೇಸು ಹಾಕುವಷ್ಟರಲ್ಲಿ 15 ದಿನ ಆಗಿದ್ದರೆ ಆ ನೋಟಿಸ್ ನಡೆಯುತ್ತದೆ.

ಗಡುವು ಮುಗಿದ ಮೇಲೂ ನೀವು ಬಿಡಲಿಲ್ಲ ಅಂದುಕೊಳ್ಳಿ. ಆಗ ಓನರ್ ಏನು ಮಾಡಬಹುದು? ಕೋರ್ಟಿಗೆ ಹೋಗಬಹುದು. ಅಷ್ಟೇ. ಬೆಂಗಳೂರಿನಲ್ಲಿ ಇಂಥ ದಾವೆಗಳು ಸಾಮಾನ್ಯವಾಗಿ ಸ್ಮಾಲ್ ಕಾಸಸ್ ಕೋರ್ಟಿಗೆ ಹೋಗುತ್ತವೆ. ಬೀಗ ಹಾಕುವುದು, ನೀರಿನ ವಾಲ್ವ್ ತಿರುಗಿಸುವುದು, ಫ್ಯೂಸ್ ಕಿತ್ತುಕೊಂಡು ಹೋಗುವುದು, ಸಾಮಾನು ಆಚೆ ಇಡುವುದು ಯಾವುದೂ ಅವರ ಕೈಯಲ್ಲಿಲ್ಲ. ಮನೆ ಅವರದ್ದೇ ಇರಬಹುದು. ಆದರೆ ಒಳಗೆ ನೆಲೆಸಿರುವವರನ್ನು ಕಾನೂನಿನ ದಾರಿಯಲ್ಲೇ ಬಿಡಿಸಬೇಕು ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಬಲವಂತದಿಂದ ಹೊರಹಾಕಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಆರು ತಿಂಗಳೊಳಗೆ ದಾವೆ ಹಾಕಿ ಮನೆಯ ಸ್ವಾಧೀನ ವಾಪಸ್ ಪಡೆಯಬಹುದು. ಆ ಕೇಸಿನಲ್ಲಿ ಮನೆ ಯಾರದ್ದು ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಹೊರಹಾಕಿದ ರೀತಿ ಸರಿಯೋ ತಪ್ಪೋ ಅನ್ನುವುದಷ್ಟೇ ಮುಖ್ಯ.

ನಿಜವಾಗಿಯೂ ನೀರು ನಿಲ್ಲಿಸಿದರೆ ಕೂಗಾಡಬೇಡಿ. ನಲ್ಲಿ ತಿರುಗಿಸಿ, ನೀರು ಬರದಿರುವುದನ್ನು ವಿಡಿಯೋ ಮಾಡಿ. ಪಕ್ಕದ ಮನೆಗೆ, ಕೆಳಗಿನ ಮನೆಗೆ ನೀರು ಬರುತ್ತಿದ್ದರೆ ಅದನ್ನೂ ತೆಗೆಯಿರಿ. ಓನರ್‌ಗೆ ಒಂದು ಮೆಸೇಜ್ ಹಾಕಿ: 'ಇವತ್ತು ಬೆಳಿಗ್ಗೆ ಏಳರಿಂದ ನೀರು ಬರುತ್ತಿಲ್ಲ, ದಯವಿಟ್ಟು ಬಿಡಿಸಿ.' ಉತ್ತರ ಬರದಿದ್ದರೆ 112ಕ್ಕೆ ಫೋನ್ ಮಾಡಿ, ಠಾಣೆಗೆ ಹೋಗಿ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಕೇಳಿ. 'ಇದು ಸಿವಿಲ್ ಮ್ಯಾಟರ್' ಎಂದು ವಾಪಸ್ ಕಳಿಸಲು ನೋಡಬಹುದು. ಆಗ ನೀವು, 'ಬಾಡಿಗೆ ತಕರಾರು ಸಿವಿಲ್ಲೇ ಸರ್, ಆದರೆ ಮನೆಗೆ ಬೀಗ ಹಾಕ್ತೀನಿ ಅಂತ ಬೆದರಿಸೋದು, ನೀರು ನಿಲ್ಲಿಸೋದು ಸಿವಿಲ್ ಅಲ್ಲ' ಅನ್ನಿ. ಠಾಣೆಯಿಂದ ಒಂದು ಫೋನ್ ಹೋದರೆ ಹೆಚ್ಚಿನ ಕಡೆ ನೀರು ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಬಹುದು.

ಇನ್ನು ನಿಮ್ಮ ನೆಂಟರ ಸಲಹೆ. ಇದನ್ನು ನಾನು ಯಾವತ್ತೂ ಒಪ್ಪುವುದಿಲ್ಲ. ಅಡ್ವಾನ್ಸ್ ಬೇರೆ, ಬಾಡಿಗೆ ಬೇರೆ. ಓನರ್ ಒಪ್ಪದೆ ಒಂದನ್ನು ಇನ್ನೊಂದಕ್ಕೆ ಮುರಿದುಕೊಳ್ಳಿ ಅನ್ನುವ ಹಕ್ಕು ಬಾಡಿಗೆದಾರರಿಗಿಲ್ಲ. ಬಾಡಿಗೆ ನಿಲ್ಲಿಸಿದ ದಿನವೇ ನೀವು ಬಾಕಿದಾರರು. ನಾಲ್ಕು ವರ್ಷ ಒಂದನೇ ತಾರೀಕು ತಪ್ಪದೆ ಕಟ್ಟಿದ ಹೆಸರು ಒಂದು ತಿಂಗಳಲ್ಲಿ ಹೋಗುತ್ತದೆ. ಕೋರ್ಟಿಗೆ ಹೋದರೂ ನಿಮ್ಮ ಮಾತಿನ ತೂಕ ಇಳಿಯುತ್ತದೆ. ನೋಟಿಸಿನ ಗಡುವು ಮುಗಿದ ಮೇಲೆ ಕೂತ ದಿನಗಳಿಗೆ ಹಳೇ ಬಾಡಿಗೆ ಲೆಕ್ಕವಲ್ಲ, ಆ ಏರಿಯಾದ ಈಗಿನ ದರದಲ್ಲಿ ನಷ್ಟ ಕಟ್ಟಿ ಎಂದು ಕೋರ್ಟು ಹೇಳಬಹುದು ಅನ್ನುವುದನ್ನೂ ನೆನಪಿಡಿ.

ಇದರ ಇನ್ನೊಂದು ಮುಖವನ್ನೂ ಹತ್ತಿರದಿಂದ ನೋಡಿದ್ದೇನೆ. ಎಪ್ಪತ್ತು ದಾಟಿದ ಒಬ್ಬ ತಾಯಿ ಮೇಲಿನ ಮನೆ ಬಾಡಿಗೆಗೆ ಕೊಟ್ಟು ಅದರಲ್ಲೇ ಔಷಧಿ ಖರ್ಚು ತೂಗಿಸುತ್ತಿದ್ದರು. ಬಾಡಿಗೆದಾರರು ಕೊನೆಯ ಹತ್ತು ತಿಂಗಳು ಅಡ್ವಾನ್ಸಿನಲ್ಲೇ ಮುರ್ಕೊಳ್ಳಿ ಅಂದರು. ಹನ್ನೊಂದನೇ ತಿಂಗಳೂ ಹೋಗಲಿಲ್ಲ. ಕೊನೆಗೆ ಒಂದು ರಾತ್ರಿ ಸಾಮಾನು ತೆಗೆದುಕೊಂಡು ಹೋದಾಗ ಕರೆಂಟ್ ಬಿಲ್ ಬಾಕಿ, ಅಡುಗೆಮನೆ ಸಿಂಕ್ ಒಡೆದಿತ್ತು. ಆ ತಾಯಿ ಬ್ಯಾಂಕ್ ಪಾಸ್‌ಬುಕ್ ಹಿಡಿದುಕೊಂಡು ನನ್ನ ಮುಂದೆ ಕೂತಿದ್ದರು. ಅಡ್ವಾನ್ಸ್ ಇರುವುದು ಇಂಥ ಕೊನೆಯ ದಿನದ ಲೆಕ್ಕಕ್ಕೆ. ಅದನ್ನು ಮೊದಲೇ ಖಾಲಿ ಮಾಡಿದರೆ ಓನರ್ ಕೈಯಲ್ಲಿ ಏನೂ ಉಳಿಯುವುದಿಲ್ಲ. ನಿಮ್ಮ ಓನರ್ ಬೆದರಿಕೆ ಹಾಕಿದ್ದು ತಪ್ಪು, ಆದರೆ ಅವರಿಗೂ ಇಂಥದ್ದೊಂದು ಹೆದರಿಕೆ ಇರಬಹುದು. ಅದನ್ನು ತೆಗೆದುಹಾಕಿದರೆ ನಿಮ್ಮ ಅರ್ಧ ಕೆಲಸ ಆದಂತೆ.

ಆದ್ದರಿಂದ ಇವತ್ತೇ ಒಂದು ಪತ್ರ ಬರೆಯಿರಿ. ಲಾಯರ್ ಭಾಷೆ ಬೇಡ. ಹೀಗಿದ್ದರೆ ಸಾಕು:

'ಸರ್, ನಮಸ್ಕಾರ. ನೀವು ಮನೆ ಬೇಕು ಎಂದು ಹೇಳಿದ್ದೀರಿ. ನಾವು ಬಿಡಲು ತಯಾರಿದ್ದೇವೆ. ಮಗಳ ಪರೀಕ್ಷೆ ಮುಗಿದ ಮೇಲೆ, ಮಾರ್ಚ್ 31ರಂದು, ಮನೆ ಖಾಲಿ ಮಾಡಿ ಕೀ ಕೊಡುತ್ತೇವೆ. ಅಲ್ಲಿಯವರೆಗೆ ಬಾಡಿಗೆ ಮತ್ತು ಕರೆಂಟ್, ನೀರಿನ ಬಿಲ್ಲನ್ನು ಎಂದಿನಂತೆ ಕಟ್ಟುತ್ತೇವೆ. ಒಂದು ವಾರ ಮುಂಚೆ ಒಟ್ಟಿಗೆ ಮನೆ ನೋಡಿ ಲೆಕ್ಕ ಮಾಡಿಕೊಳ್ಳೋಣ. ಕೀ ಕೊಡುವ ದಿನ ನಮ್ಮ ಅಡ್ವಾನ್ಸ್ 1,80,000 ರೂಪಾಯಿಯಲ್ಲಿ ಒಪ್ಪಿದ ಖರ್ಚು ಕಳೆದು ಉಳಿದದ್ದನ್ನು ನನ್ನ ಖಾತೆಗೆ ಹಾಕಬೇಕಾಗಿ ವಿನಂತಿ.'

ಇದನ್ನು ವಾಟ್ಸಾಪ್‌ನಲ್ಲಿ ಕಳಿಸಿ, ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ, ಪೋಸ್ಟಿನ ರಸೀದಿ ಇಟ್ಟುಕೊಳ್ಳಿ. ಪರೀಕ್ಷೆ ಮುಗಿಯುವವರೆಗೆ ಇರುವ ಹಕ್ಕು ಅಂತ ಕಾನೂನಿನಲ್ಲಿ ಏನಿಲ್ಲ. ಆದರೆ ತಾರೀಕು ಹಾಕಿ ಬರೆದುಕೊಟ್ಟವರನ್ನು ನಂಬುವುದು ಓನರ್‌ಗೂ ಸುಲಭ. ಕೋರ್ಟಿಗೆ ಹೋದರೆ ಮಾರ್ಚ್ ಕೊನೆಯೊಳಗೆ ತೀರ್ಪು ಬರುವುದಿಲ್ಲ ಎಂದು ಅವರ ಲಾಯರ್ ಕೂಡ ಅವರಿಗೆ ಹೇಳುತ್ತಾರೆ. ನಾನು ನೋಡಿದ ಹೆಚ್ಚಿನ ಜಗಳಗಳು ಹೀಗೆ ತಾರೀಕು ಬರೆದುಕೊಟ್ಟ ಮೇಲೆ ತಣ್ಣಗಾಗಿವೆ. ಕೊಟ್ಟ ತಾರೀಕಿಗೆ ಮಾತ್ರ ಬಿಡಲೇಬೇಕು. ಆಮೇಲೆ 'ಇನ್ನೊಂದು ತಿಂಗಳು' ಅಂದರೆ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ಈಗ ಆ 43,000ದ ಲೆಕ್ಕ. ಇದನ್ನು ಬಿಡಿಬಿಡಿಯಾಗಿ ನೋಡಬೇಕು.

ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಬೆಂಗಳೂರಿನ ರೂಢಿ. ರೂಢಿ ಅಂದಮಾತ್ರಕ್ಕೆ ಅದು ಕಾನೂನಲ್ಲ. ನಿಮ್ಮ ಅಗ್ರಿಮೆಂಟಿನಲ್ಲಿ ಬರೆದಿದ್ದರೆ ಅದನ್ನು ಒಪ್ಪಿ ಸಹಿ ಹಾಕಿದ್ದೀರಿ, 18,000 ಕೊಟ್ಟುಬಿಡಿ. ಆದರೆ ಬಣ್ಣಕ್ಕೆ ಕೊಟ್ಟ ಮೇಲೆ ಗೋಡೆಯಲ್ಲಿ ಮೊಳೆ ತೂತು, ಸ್ವಿಚ್ ಬೋರ್ಡ್ ಸುತ್ತ ಕೈಗುರುತು, ಸೋಫಾ ತಾಗಿದ ಗೆರೆ ಅಂತ ಇನ್ನೊಂದು ಸಲ ಕೇಳುವ ಹಾಗಿಲ್ಲ. ಬಣ್ಣ ಹೊಡೆಯುವುದೇ ಅವೆಲ್ಲ ಮುಚ್ಚಲು ಅಲ್ವಾ? ಅಗ್ರಿಮೆಂಟಿನಲ್ಲಿ ಇಲ್ಲದಿದ್ದರೆ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ನೋಡಬೇಕು. ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು, ಆದರೆ ಸಹಜ ಬಳಕೆಯಿಂದ ಆಗುವ ಸವೆತಕ್ಕೆ ಹೊಣೆಯಲ್ಲ ಎಂದು ಅದು ಹೇಳುತ್ತದೆ. ನಾಲ್ಕು ವರ್ಷದಲ್ಲಿ ಮಾಸಿದ ಬಣ್ಣ ಸಹಜ ಸವೆತವೇ.

ಕ್ಲೀನಿಂಗ್ 5,000 ನಿಮ್ಮ ಕೈಯಲ್ಲಿದೆ. ಸಾಮಾನು ಹೋದ ಮೇಲೆ ಒಂದು ದಿನ ಇಟ್ಟುಕೊಂಡು ಅಡುಗೆಮನೆ ಟೈಲ್ಸಿನ ಜಿಡ್ಡು, ಎಕ್ಸಾಸ್ಟ್ ಫ್ಯಾನು, ಬಾತ್‌ರೂಮಿನ ಉಪ್ಪುಕಲೆ ತೊಳೆಸಿಬಿಡಿ. ಆಮೇಲೆ ಆ ಐದು ಸಾವಿರ ಯಾಕೆ ಎಂದು ಕೇಳಿ.

ಪ್ಲಂಬಿಂಗ್ ಬಗ್ಗೆ ಯಾವ ನಲ್ಲಿ, ಏನಾಗಿದೆ ಎಂದು ತೋರಿಸಲು ಹೇಳಿ. ವಾಷರ್ ಹೋಗಿ ತೊಟ್ಟಿಕ್ಕುವುದು ಸವೆತ. ಫ್ಲಶ್ ಟ್ಯಾಂಕಿನ ಮುಚ್ಚಳ ಬಿದ್ದು ಒಡೆದಿದ್ದರೆ ಅದು ನಿಮ್ಮದು. ಬಿಲ್ ಇಲ್ಲದೆ ಸುಮ್ನೆ 8,000 ಅನ್ನುವುದನ್ನು ಒಪ್ಪಬೇಡಿ.

ಬಾಗಿಲಿನ ವಿಷಯಕ್ಕೆ ಬರೋಣ, ಯಾಕೆಂದರೆ ಪ್ರತಿ ಎರಡನೇ ಜಗಳದಲ್ಲಿ ಈ ಬಾತ್‌ರೂಮ್ ಬಾಗಿಲು ಇರುತ್ತದೆ. ಬಾಗಿಲಿನ ಮುಂದೆ ಕೂತು ಕೆಳಗಿನ ಅಂಚು ನೋಡಿ. ಒಳಬದಿಯಲ್ಲಿ ಒಂದು ಗೇಣಿನಷ್ಟು ಎತ್ತರಕ್ಕೆ ಪ್ಲೈವುಡ್ ಉಬ್ಬಿ, ಪದರ ಪದರವಾಗಿ ಬಿಚ್ಚಿಕೊಂಡಿದ್ದರೆ, ಮೇಲ್ಭಾಗ ಗಟ್ಟಿಯಾಗಿದ್ದರೆ, ಅದು ದಿನವೂ ನೀರು ಚಿಮ್ಮಿ ಆದದ್ದು. ಸ್ನಾನ ಮಾಡುವ ಜಾಗಕ್ಕೆ ಮರದ ಬಾಗಿಲು ಹಾಕಿದರೆ ಯಾರು ಇದ್ದರೂ ಹೀಗೇ ಆಗುತ್ತದೆ. ಅದು ಓನರ್ ಖರ್ಚು. ಚಿಲಕದ ಹತ್ತಿರ ಸೀಳಿದ್ದರೆ, ನಡುವೆ ತೂತು ಬಿದ್ದಿದ್ದರೆ, ಯಾರೋ ಒದ್ದಂತೆ ಕೀಲು ಕಿತ್ತು ಬಂದಿದ್ದರೆ ಅದು ಬಳಸಿದವರ ಖರ್ಚು. ಆಗಲೂ ಹಳೇ ಬಾಗಿಲಿನ ಬೆಲೆಯನ್ನು ನೋಡಬೇಕೇ ಹೊರತು ಅದರ ಬದಲು ಹೊಸ ತೇಗದ ಬಾಗಿಲಿನ ದುಡ್ಡು ಕೊಡಬೇಕಾಗಿಲ್ಲ. ಅಂಚಿನ ಹತ್ತಿರದ ಫೋಟೋ ತೆಗೆದಿಡಿ. ಕಾಂಟ್ರಾಕ್ಟ್ ಕಾಯ್ದೆಯ 74ನೇ ಸೆಕ್ಷನ್ನೂ ನಿಮ್ಮ ಕಡೆಗಿದೆ. ಇಷ್ಟು ದಂಡ ಎಂದು ಅಗ್ರಿಮೆಂಟಿನಲ್ಲಿ ಬರೆದಿದ್ದರೂ ಅದನ್ನು ಮೀರದಂತೆ ನ್ಯಾಯವಾದ ಪರಿಹಾರವಷ್ಟೇ ಸಿಗುವುದು.

ನೀವು ಹಾಕಿಸಿದ ಗೀಸರ್, ಫ್ಯಾನು, ಸೊಳ್ಳೆ ಪರದೆ ನಿಮ್ಮವೇ. ಬಿಚ್ಚಿಕೊಂಡು ಹೋಗಬಹುದು, ಗೋಡೆಯನ್ನು ಮೊದಲಿದ್ದ ಹಾಗೆ ಮಾಡಿಕೊಡಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಎರಡು ತಿಂಗಳು ಬಿಟ್ಟು ಕೊಡುತ್ತೇನೆ ಅನ್ನುವ ಮಾತು. ಇದಕ್ಕೆ ಮಾತ್ರ ಒಪ್ಪಬೇಡಿ. ಕೀ ಕೊಟ್ಟ ಮೇಲೆ ನಿಮ್ಮ ಹತ್ತಿರ ಉಳಿಯುವುದು ಓನರ್ ಫೋನ್ ನಂಬರ್ ಒಂದೇ. ಮದುವೆಯಾಗುವ ಮೊದಲು ನಾನೂ ಒಮ್ಮೆ ಒಂದು ಔಟ್‌ಹೌಸ್ ಬಿಟ್ಟಾಗ ಮರ್ಯಾದೆಗೆ ಕೀ ಕೊಟ್ಟು ಬಂದೆ. ದುಡ್ಡು ಮೂರು ಕಂತಿನಲ್ಲಿ ಬಂತು, ಕೊನೆಯ ಕಂತಿಗೆ ಆರು ಸಲ ಬಸ್ ಹತ್ತಿ ಹೋಗಿದ್ದೆ. ಹೆಚ್ಚಿನ ಅಗ್ರಿಮೆಂಟ್‌ಗಳು 'ಮನೆ ಖಾಲಿ ಮಾಡುವ ಸಮಯದಲ್ಲಿ ಅಡ್ವಾನ್ಸ್ ವಾಪಸ್' ಎಂದೇ ಹೇಳುತ್ತವೆ. ಹಾಗೆ ಬರೆದಿದ್ದರೆ ಎರಡೂ ಒಟ್ಟೊಟ್ಟಿಗೆ ನಡೆಯಬೇಕು ಎಂದು ಕೇಳಲು ನಿಮಗೆ ಗಟ್ಟಿ ನೆಲೆ ಇದೆ. ಆದರೆ ಅಡ್ವಾನ್ಸ್ ಬರಲಿಲ್ಲ ಎಂದು ತಿಂಗಳುಗಟ್ಟಲೆ ಕೂತುಬಿಡುವುದೂ ಬೇಡ, ನಷ್ಟದ ಲೆಕ್ಕ ನಿಮ್ಮ ಮೇಲೆ ಬರುತ್ತದೆ. ಅಡ್ವಾನ್ಸ್ ಅವರ ಕೈಯಲ್ಲಿ ಇರುವುದಿಲ್ಲ, ಮದುವೆಗೋ ಮನೆ ರಿಪೇರಿಗೋ ಹೋಗಿರುತ್ತದೆ. ಅದಕ್ಕೇ ಇವತ್ತೇ ತಾರೀಕು ಬರೆದುಕೊಡಿ ಅಂದಿದ್ದು. ಅವರಿಗೂ ಹೊಂದಿಸಲು ಸಮಯ ಸಿಗುತ್ತದೆ. ಪೂರ್ತಿ ಆಗದಿದ್ದರೆ ಉಳಿದ ಮೊತ್ತಕ್ಕೆ ತಾರೀಕು ಹಾಕಿದ ಚೆಕ್ ತೆಗೆದುಕೊಳ್ಳಿ. ಬರೀ ಮಾತು ತೆಗೆದುಕೊಳ್ಳಬೇಡಿ.

ಲಕ್ಷಗಟ್ಟಲೆ ಕೊಟ್ಟು ಭೋಗ್ಯಕ್ಕೆ, ಅಂದರೆ ಲೀಸಿಗೆ ಇರುವವರು ಇದನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಅಲ್ಲಿ ಎಲ್ಲ ದುಡ್ಡೂ ಒಂದೇ ಕಡೆ ಸಿಕ್ಕಿಕೊಂಡಿರುತ್ತದೆ. ಮಧ್ಯದಲ್ಲಿ ಓನರ್ ಮನೆ ಮಾರಿದರೆ ಕೊಂಡವರು ಹಳೇ ಓನರ್ ಜಾಗದಲ್ಲಿ ಬಂದು ನಿಲ್ಲುತ್ತಾರೆ, ಬಾಡಿಗೆ ತಾನಾಗಿ ಮುಗಿಯುವುದಿಲ್ಲ. ಆದರೆ ಅಡ್ವಾನ್ಸ್ ಯಾರು ಕೊಡಬೇಕು ಅನ್ನುವುದನ್ನು ಆಗಲೇ ಇಬ್ಬರಿಂದಲೂ ಬರೆಸಿಕೊಳ್ಳಬೇಕು.

ಇದನ್ನು ಓದುವ ಓನರ್‌ಗಳಿಗೂ ಒಂದು ಮಾತು. ನೋಟಿಸ್ ಕೊಟ್ಟ ಮೇಲೆ ಬಂದ ಬಾಡಿಗೆಯನ್ನು ಸುಮ್ಮನೆ ತೆಗೆದುಕೊಂಡರೆ, ನೋಟಿಸ್ ಬಿಟ್ಟುಕೊಟ್ಟಿದ್ದೀರಿ ಎಂದು ಎದುರಿನವರು ವಾದಿಸಬಹುದು. 'ನೋಟಿಸಿಗೆ ಬಾಧಕವಿಲ್ಲದಂತೆ ಸ್ವೀಕರಿಸಿದ್ದೇನೆ' ಎಂದು ಒಂದು ಸಾಲು ಬರೆದು ಕಳಿಸಿ. ಹತ್ತು ಹನ್ನೆರಡು ವರ್ಷ ಇದ್ದರೆ ಬಾಡಿಗೆದಾರನಿಗೇ ಮನೆ ಆಗಿಬಿಡುತ್ತದೆ ಎಂಬ ಭಯಕ್ಕೆ ಪ್ರತಿ 11 ತಿಂಗಳಿಗೆ ಜನರನ್ನು ಬದಲಾಯಿಸಬೇಕಾಗಿಲ್ಲ. ನಿಮ್ಮ ಒಪ್ಪಿಗೆಯಿಂದ ಬಾಡಿಗೆ ಕೊಟ್ಟು ಇರುವವರು ಎಷ್ಟು ವರ್ಷ ಇದ್ದರೂ ಬಾಡಿಗೆದಾರರೇ. 11 ತಿಂಗಳು ಅನ್ನುವುದು ಬಂದಿರುವುದು ಬೇರೆ ಕಾರಣಕ್ಕೆ. ಒಂದು ವರ್ಷ ಮೀರಿದ ಅಗ್ರಿಮೆಂಟನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು.

ಮತ್ತೆ ನಿಮ್ಮ ವಿಷಯಕ್ಕೆ. ಕೊಟ್ಟ ತಾರೀಕಿಗೆ ಮನೆ ಬಿಟ್ಟರೂ ಅಡ್ವಾನ್ಸ್ ಬರಲಿಲ್ಲ ಅಂದರೆ ಲಾಯರ್ ನೋಟಿಸಿಗಿಂತ ಮುಂಚೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕೇಸು ಹಾಕುವ ಮೊದಲೇ ಅಲ್ಲಿ ಅರ್ಜಿ ಕೊಡಬಹುದು. ಇಬ್ಬರನ್ನೂ ಕರೆಸಿ ಮಾತಾಡಿಸುತ್ತಾರೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ. 1987ರ ಕಾನೂನು ಸೇವೆಗಳ ಕಾಯ್ದೆಯಡಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ. ಅಗ್ರಿಮೆಂಟ್ ನಿಮ್ಮ ಹೆಸರಲ್ಲೇ ಇರುವುದರಿಂದ ಇದು ನಿಮಗೆ ಅನುಕೂಲ. ದುಡ್ಡು ವಸೂಲಿಗೆ ದಾವೆ ಹಾಕಲು ಮೂರು ವರ್ಷ ಸಮಯ ಇದೆ, ಆದರೆ ಅಷ್ಟು ದಿನ ಕಾಯಬೇಡಿ.

ಮನೆ ಬಿಡುವ ದಿನ ಸಾಮಾನಿನ ಗಾಡಿ ಹೊರಟ ಮೇಲೆ ಅರ್ಧ ಗಂಟೆ ಉಳಿಸಿಕೊಳ್ಳಿ. ಬಾಗಿಲಿನಿಂದ ಶುರು ಮಾಡಿ ಪ್ರತಿ ರೂಮನ್ನೂ ನಿಧಾನವಾಗಿ ವಿಡಿಯೋ ಮಾಡಿ. ನಲ್ಲಿ ತಿರುಗಿಸಿ ತೋರಿಸಿ, ಲೈಟು ಹಾಕಿ ತೋರಿಸಿ. ಕರೆಂಟ್ ಮೀಟರ್ ರೀಡಿಂಗ್ ಮತ್ತು ಆರ್.ಆರ್. ನಂಬರ್ ಕಾಣುವ ಹಾಗೆ ಫೋಟೋ ತೆಗೆಯಿರಿ. ಗೃಹಜ್ಯೋತಿ ನಿಮ್ಮ ಆಧಾರ್‌ಗೆ ಜೋಡಿಸಿದ್ದರೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಡಿ-ಲಿಂಕ್ ಮಾಡಿ, ಇಲ್ಲದಿದ್ದರೆ ಹೊಸ ಮನೆಯಲ್ಲಿ ನಿಮಗೂ ತೊಂದರೆ, ಹಳೇ ಮನೆಗೆ ಬರುವವರಿಗೂ ತೊಂದರೆ. ಆಮೇಲೆ ಒಂದು ಹಾಳೆಯಲ್ಲಿ ಎರಡು ಸಾಲು ಬರೆಯಿರಿ. ಇಂಥ ದಿನ ಮನೆ ಖಾಲಿ ಮಾಡಿ ಮೂರು ಕೀ ಒಪ್ಪಿಸಿದ್ದೇವೆ, ಇಷ್ಟು ಕಳೆದು ಇಷ್ಟು ಅಡ್ವಾನ್ಸ್ ವಾಪಸ್ ಬಂದಿದೆ, ಇಬ್ಬರಿಗೂ ಬಾಕಿ ಇಲ್ಲ ಅಂತ. ಎರಡು ಪ್ರತಿ ಮಾಡಿ, ಇಬ್ಬರೂ ಸಹಿ ಹಾಕಿ. ದುಡ್ಡು ಖಾತೆಗೆ ಬಂದ ಮೆಸೇಜ್ ನೋಡಿದ ಮೇಲೆ ಕೀ ಕೊಡಿ.